ದನಿ ಬೇಕು, ಮುಖ ಬೇಡ

ಕೆಲವು ವರ್ಷಗಳ ಹಿಂದಿನ ಮಾತು. ಕೆಂಪು ಬಾಳೆಹಣ್ಣಿಗೆ ಹೆಸರಾದ ನಮ್ಮ ಕಮಲಾಪುರದ ಹತ್ತಿರ ಒಂದು ಕನ್ನಡ ಸಿನಿಮಾದ ಶೂಟಿಂಗ್ ನಡೆಯಿತು. ಚಿತ್ರದ ಹೆಸರು ಇಲ್ಲಿ ಬೇಡ. ಹೇಳಿದರೂ ಯಾರಿಗೂ ನೆನಪಾಗಲಿಕ್ಕಿಲ್ಲ. ಅದು ಥಿಯೇಟರಿಗೆ ಬಂದದ್ದೂ ಹೋದದ್ದೂ ಊರಿನವರಿಗೇ ಗೊತ್ತಾಗಲಿಲ್ಲ.

ಕತೆಯ ನಾಯಕಿ ಹಳ್ಳಿಯಿಂದ ಬೆಂಗಳೂರಿಗೆ ಹೋಗಿ ಪಾಪ್ ಗಾಯಕಿಯಾದವಳು. ಹೆಸರು, ಹಣ ಎಲ್ಲ ಬಂದ ಮೇಲೆ ಒಂದು ದಿನ ಊರಿಗೆ ಮರಳುತ್ತಾಳೆ. ಹಳೆಯ ಕಲ್ಲುಕಟ್ಟೆಯ ಮೇಲೆ ಒಬ್ಬಳೇ ಕೂತು, ವಾದ್ಯವಿಲ್ಲದೆ, ತಾನು ಸಣ್ಣವಳಿದ್ದಾಗ ಕೇಳಿದ ಧಾಟಿಯಲ್ಲಿ ಒಂದು ಹಾಡು ಹೇಳುತ್ತಾಳೆ. ಇಡೀ ದೃಶ್ಯದಲ್ಲಿ ಅವಳೊಬ್ಬಳೇ. ಆ ಹಾಡಿಗೆ ಈ ಭಾಗದ ದನಿಯೇ ಬೇಕೆಂದು ನಿರ್ದೇಶಕರ ಹಟ. ಕಾಲೇಜಿನ ಸಮಾರಂಭವೊಂದರಲ್ಲಿ ನನ್ನ ಅಣ್ಣನ ಮಗಳು ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದು ಕೈಯಿಂದ ಕೈಗೆ ಹೋಗಿ ಚಿತ್ರತಂಡದವರನ್ನು ಮುಟ್ಟಿತ್ತು. ಹುಡುಗಿಯ ಚಾಚಾ ಕತೆ ಬರೆಯುವವನೆಂದು ತಿಳಿದು ಅವರು ನನ್ನನ್ನು ಹುಡುಕಿಕೊಂಡು ಬಂದರು. ಬಂದವರು ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಸಾರ್, ವಾಯ್ಸ್ ಮಾತ್ರ ಸಾಕು. ಫೇಸ್ ನಮ್ಮ ಹತ್ರ ಇದೆ."

ಮನೆಯಲ್ಲಿ ಹಿರಿಯರು ಕೂಡಿದರು. ಜಗಳವಾದೀತೆಂದು ನಾನು ಸಿದ್ಧನಾಗಿಯೇ ಹೋಗಿದ್ದೆ. ಆದರೆ ಜಗಳವಾಗಲಿಲ್ಲ. ನಮ್ಮ ಹಿರಿಯರೊಬ್ಬರು ಗಡ್ಡ ನೀವಿಕೊಂಡು, "ದನಿ ಅಷ್ಟೇ ಅಂದ್ರ ಪರವಾಯಿಲ್ಲ. ಮುಖ ತೋರ್ಸಂಗಿಲ್ಲ ಅಂದ ಮ್ಯಾಲ ಇಜ್ಜತ್ತಿನ ಸವಾಲೇ ಇಲ್ಲ" ಎಂದರು. ಎಲ್ಲರಿಗೂ ನಿರಾಳವಾಯಿತು. ನಾನೂ ತಲೆಯಾಡಿಸಿದೆ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಕಲಬುರಗಿಯ ಸಣ್ಣ ಸ್ಟುಡಿಯೋ ಒಂದರಲ್ಲಿ ಒಂದು ಮಧ್ಯಾಹ್ನ ದನಿ ಮುದ್ರಿಸಿಕೊಂಡು ಕವರಿನಲ್ಲಿ ಒಂದಿಷ್ಟು ಹಣ ಕೊಟ್ಟು ಕಳಿಸಿದರು.

ಶೂಟಿಂಗ್ ದಿನ ಊರೇ ನೆರೆದಿತ್ತು. ನಮ್ಮ ಹುಡುಗಿ ಗೆಳತಿಯರ ಜೊತೆ ಜನರ ಹಿಂದೆ ನಿಂತಿದ್ದಳು. ಸ್ಪೀಕರಿನಲ್ಲಿ ಅವಳ ಹಾಡು ಬಂತು. ಕಟ್ಟೆಯ ಮೇಲೆ ಕೂತ ನಟಿ ತುಟಿ ಆಡಿಸಿದಳು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ನಟಿಯ ಕಡೆ ಕೈ ಮಾಡಿ, "ಏನ್ ದನಿ ಅದರೀ ಆಕಿದು!" ಎಂದಳು. ಆಗ ನಮ್ಮ ಹುಡುಗಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಚಾಚಾ, ಅದು ನಾನು ಅಂತ ಹೇಳ್ಲೇನು?"

"ಸುಮ್ನಿರು" ಎಂದೆ.

ನಾನು ಆಡಿದ ಆ ಮಾತಿನ ವಿರುದ್ಧವೇ ಈ ಲೇಖನ. ಅದನ್ನು ನನ್ನ ಬಾಯಲ್ಲಿ ಇಟ್ಟವರು ಯಾರು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಸಿನಿಮಾದವರಿಗೆ ಅವಳ ದನಿ ಬೇಕಿತ್ತು, ಮುಖ ಬೇಕಿರಲಿಲ್ಲ. ಮನೆಯವರಿಗೆ ಮುಖ ಕಾಣಬಾರದಾಗಿತ್ತು, ದನಿ ಹೋದರೆ ಅಡ್ಡಿಯಿರಲಿಲ್ಲ. ಎಣ್ಣೆ ಸೀಗೆಕಾಯಿಯಂತಿರುವ ಈ ಇಬ್ಬರೂ ಒಂದು ಹೆಣ್ಣನ್ನು ಮರೆಮಾಡುವ ವಿಷಯದಲ್ಲಿ ಎಷ್ಟು ಸಲೀಸಾಗಿ ಒಪ್ಪಂದಕ್ಕೆ ಬಂದರು! ಒಬ್ಬರು ಅದನ್ನು ಕಲೆ ಎಂದರು, ಇನ್ನೊಬ್ಬರು ಇಜ್ಜತ್ತು ಎಂದರು.

ಇದು ನಮ್ಮೊಂದು ಮನೆಯ ಕತೆಯಲ್ಲ. ಇದಕ್ಕೆ ದೊಡ್ಡ ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ಕರ್ನಾಟಕದ ಪಾಲೂ ಇದೆ.

1980ರಲ್ಲಿ ಬಂದ 'ಕುರ್ಬಾನಿ' ಚಿತ್ರವನ್ನು ನೆನಪಿಸಿಕೊಳ್ಳಿ. ನಾನು ಹುಟ್ಟಿದ್ದು ಆ ವರ್ಷವೇ. ಅದನ್ನು ನಿರ್ಮಿಸಿ, ನಿರ್ದೇಶಿಸಿ, ನಟಿಸಿದ ಫಿರೋಜ್ ಖಾನ್ ಬೆಂಗಳೂರಿನಲ್ಲಿ ಹುಟ್ಟಿದವರು. 2009ರಲ್ಲಿ ಅವರು ತೀರಿಕೊಂಡದ್ದೂ ಮಣ್ಣಾದದ್ದೂ ಬೆಂಗಳೂರಿನಲ್ಲೇ. ಚಿತ್ರದ ಉಳಿದ ಹಾಡುಗಳಿಗೆ ಕಲ್ಯಾಣ್‌ಜಿ ಆನಂದ್‌ಜಿ ಸಂಗೀತವಿದ್ದರೂ ನಾಡನ್ನೆಲ್ಲ ಕುಣಿಸಿದ 'ಆಪ್ ಜೈಸಾ ಕೋಯಿ' ಹಾಡಿನ ರಾಗ ಕಟ್ಟಿದವರು ಬಿಡ್ಡು. ಅವರೂ ಬೆಂಗಳೂರಿನ ಹುಡುಗನೇ. 1960ರ ದಶಕದಲ್ಲಿ ಅಲ್ಲಿ 'ಟ್ರೋಜನ್ಸ್' ಎಂಬ ಬ್ಯಾಂಡಿನಲ್ಲಿ ಹಾಡಿಕೊಂಡಿದ್ದು, ಮುಂದೆ ಲಂಡನ್ನಿಗೆ ಹೋಗಿ, 1974ರಲ್ಲಿ 'ಕುಂಗ್ ಫೂ ಫೈಟಿಂಗ್' ಹಾಡಿನಿಂದ ಜಗತ್ತಿಗೆಲ್ಲ ಪರಿಚಿತರಾದವರು. ಈ ಇಬ್ಬರು ಬೆಂಗಳೂರಿಗರು ಸೇರಿ ಲಂಡನ್ನಿನಲ್ಲಿ ಹಾಡಿಸಿದ್ದು ಕರಾಚಿಯಲ್ಲಿ ಹುಟ್ಟಿದ, ಹದಿಹರೆಯದ ನಾಜಿಯಾ ಹಸನ್ ಎಂಬ ಹುಡುಗಿಯಿಂದ. 1981ರಲ್ಲಿ ಅವಳಿಗೆ ಫಿಲ್ಮ್‌ಫೇರ್‌ನ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಬಂದಾಗ ಅವಳಿಗೆ ಹದಿನೈದೇ ವರ್ಷ.

ಈಗ ಆ ದೃಶ್ಯವನ್ನು ನೋಡಿ. ಕ್ಲಬ್ಬಿನ ವೇದಿಕೆ. ದೀಪಗಳು ಮಿನುಗುತ್ತವೆ. ಪಾಪ್ ಗಾಯಕಿಯೊಬ್ಬಳು ಮೈಕಿನ ಮುಂದೆ ಹಾಡುತ್ತಾಳೆ. ಆದರೆ ಅಲ್ಲಿರುವುದು ನಾಜಿಯಾ ಅಲ್ಲ, ಜೀನತ್ ಅಮಾನ್. ಜೀನತ್ ದೊಡ್ಡ ನಟಿ, ಅವರ ಮೇಲೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಬೇರೆ. ಇದು ಹೊಲದಲ್ಲಿ ಮರ ಸುತ್ತುತ್ತ ನಾಯಕಿ ಹಾಡುವ ಹಾಡಲ್ಲ. 'ಇವಳು ಗಾಯಕಿ, ಇವಳ ಹಾಡು ಕೇಳಿ' ಎಂದು ಚಿತ್ರವೇ ಹೇಳುವ ದೃಶ್ಯ. ಗಾಯಕಿಯನ್ನು ತೋರಿಸುವುದಕ್ಕಾಗಿಯೇ ಕಟ್ಟಿದ ದೃಶ್ಯದಲ್ಲಿ ಗಾಯಕಿಗೇ ಜಾಗವಿಲ್ಲ! ಹದಿನೈದರ ಹುಡುಗಿಯನ್ನು ಕ್ಲಬ್ಬಿನ ವೇದಿಕೆಗೆ ಹತ್ತಿಸದಿದ್ದದ್ದೇ ಒಳ್ಳೆಯದಾಯಿತು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಹಾಡಿಗೆ ಅವಳನ್ನು ತೋರಿಸುವ ಬೇರೆ ದೃಶ್ಯ ಕಟ್ಟಬಹುದೆಂದು ಯಾರಿಗೂ ಏಕೆ ಹೊಳೆಯಲಿಲ್ಲ? ಏಕೆಂದರೆ ದನಿ ಒಂದು ಕಡೆ, ದೇಹ ಇನ್ನೊಂದು ಕಡೆ ಎಂಬುದು ನಮ್ಮ ಸಿನಿಮಾಕ್ಕೆ ಅಷ್ಟು ಹೊತ್ತಿಗೆ ಉಸಿರಾಟದಷ್ಟು ಸಹಜವಾಗಿಬಿಟ್ಟಿತ್ತು.

ಅದು ಮೊದಲಿನಿಂದ ಹೀಗಿರಲಿಲ್ಲ. ಮಾತು ಬಂದ ಹೊಸದರಲ್ಲಿ ಸಿನಿಮಾದಲ್ಲಿ ನಟಿಸಿದವರೇ ಹಾಡುತ್ತಿದ್ದರು. ಕಲ್ಕತ್ತೆಯ ನ್ಯೂ ಥಿಯೇಟರ್ಸ್ 1935ರಲ್ಲಿ 'ಧೂಪ್ ಛಾಂವ್' ಚಿತ್ರದ ಮೂಲಕ ಹಿನ್ನೆಲೆ ಗಾಯನಕ್ಕೆ ದಾರಿ ಮಾಡಿತು. ಆ ಬದಲಾವಣೆಯ ಎರಡೂ ದಡಗಳನ್ನು ಕಂಡವರು ನಮ್ಮ ನೆರೆಯ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ. ಕನ್ನಡ ಮನೆಮಾತಿನ ಊರಿನಿಂದ ಮುಂಬಯಿಗೆ ಹೋಗಿ, ನಟಿಸಿ, ಹಾಡಿ, ತನ್ನ ಹೆಸರಿನ ಜೊತೆಗೇ ನಾಡಿನ ಹೆಸರನ್ನು ಕಟ್ಟಿಕೊಂಡ ಮುಸ್ಲಿಂ ಹೆಣ್ಣುಮಗಳು. ತಾನೇ ತೆರೆಯ ಮೇಲೆ ಕಾಣಿಸಿಕೊಂಡು ಹಾಡಿದ ಆಕೆಯೇ 1943ರ 'ಕಿಸ್ಮತ್'ನಲ್ಲಿ ಮುಮ್ತಾಜ್ ಶಾಂತಿಯ ಮುಖಕ್ಕೆ ದನಿಯಾದರು. ಅಲ್ಲಿಯೂ ನಾಯಕಿ ನಾಟಕದ ವೇದಿಕೆಯ ಹಾಡುಗಾರ್ತಿ. ಕಲ್ಕತ್ತೆಯಲ್ಲಿ ವರ್ಷಗಟ್ಟಲೆ ಓಡಿದ ಚಿತ್ರ ಅದು. ಅಷ್ಟೂ ದಿನ ಜನ ಕಣ್ಣಲ್ಲಿ ನೋಡಿದ್ದು ಒಬ್ಬಳನ್ನು, ಕಿವಿಯಲ್ಲಿ ಕೇಳಿದ್ದು ಬೀಳಗಿಯವಳನ್ನು. ರಹಮತ್ ತರೀಕೆರೆಯವರು ಆಕೆಯ ಬಗ್ಗೆ ಒಂದು ಪುಸ್ತಕವನ್ನೇ ಬರೆಯಬೇಕಾಯಿತು. ಹಾಗೆ ಹುಡುಕಿ ತೆಗೆಯುವಷ್ಟು ನಾವು ಆಕೆಯನ್ನು ಮರೆತಿದ್ದೆವು.

ಲತಾ ಮಂಗೇಶ್ಕರ್ ಕೂಡ ಮುಖವಿಲ್ಲದೆ ಹಾಡಿದರಲ್ಲ, ಅವರಿಗೇನು ಕಡಿಮೆಯಾಯಿತು ಎಂದು ಕೇಳುವವರಿದ್ದಾರೆ. 1949ರ 'ಮಹಲ್' ಚಿತ್ರದಲ್ಲಿ ಮಧುಬಾಲಾ ಮೇಲೆ ಚಿತ್ರಿಸಿದ, ಲತಾಗೆ ದೊಡ್ಡ ಹೆಸರು ತಂದ ಹಾಡಿನ ಗ್ರಾಮಫೋನ್ ತಟ್ಟೆಯ ಮೇಲೆ ಮೊದಲು ಅಚ್ಚಾಗಿದ್ದ ಹೆಸರು ಕಾಮಿನಿ. ಅದು ಆ ಪಾತ್ರದ ಹೆಸರು! ಹಾಡಿದವಳ ಹೆಸರನ್ನು ಸಹ ಪಾತ್ರಕ್ಕೆ ಕೊಟ್ಟುಬಿಟ್ಟಿದ್ದರು. ಹೆಸರು ಹಾಕಿ ಎಂದು ಗಾಯಕಿಯರು ಕೇಳಿದ ಮೇಲೆ ತಟ್ಟೆಯ ಮೇಲೆ ಅವರ ಹೆಸರು ಬಂತು. ಹೆಸರು ತಾನಾಗಿ ಬರಲಿಲ್ಲ, ಕೇಳಿದ್ದಕ್ಕೆ ಬಂತು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ನಾಜಿಯಾ ಕತೆ ಅಲ್ಲಿಗೇ ಮುಗಿಯಲಿಲ್ಲ. 1981ರಲ್ಲಿ ಅವಳು ತಮ್ಮ ಜೊಹೇಬ್ ಜೊತೆ 'ಡಿಸ್ಕೊ ದೀವಾನೆ' ಹೊರತಂದಳು. ಆಗ ಕ್ಯಾಸೆಟ್ಟಿನ ಮೇಲೆ ಅವಳದೇ ಮುಖವಿತ್ತು. ಕಾನೂನು ಓದಿ, ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿ, 2000ದ ಆಗಸ್ಟ್ 13ರಂದು ಲಂಡನ್ನಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಆಗ ಅವಳಿಗೆ 35 ವರ್ಷ. ಹನ್ನೆರಡು ವರ್ಷಗಳ ನಂತರ, 2012ರಲ್ಲಿ, 'ಸ್ಟೂಡೆಂಟ್ ಆಫ್ ದಿ ಇಯರ್' ಎಂಬ ಹಿಂದಿ ಚಿತ್ರಕ್ಕಾಗಿ ಅವಳ ಅದೇ ಹಾಡನ್ನು ಹೊಸ ದನಿಗಳ ಜೊತೆ ಬೆರೆಸಿ, ಹೊಸ ಮುಖಗಳ ಮೇಲೆ ಚಿತ್ರಿಸಿದರು. ಸತ್ತ ಮೇಲೂ ಅವಳ ದನಿ ಇನ್ನೊಬ್ಬರ ತುಟಿಯ ಮೇಲೆ ಆಡಿತು.

ಇನ್ನು ನಮ್ಮ ಮನೆಯೊಳಗಿನ ವಿಚಾರ. ಸಿನಿಮಾದವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನಮ್ಮ ತಟ್ಟೆಯಲ್ಲಿ ಬಿದ್ದಿರುವುದನ್ನೂ ನೋಡಬೇಕಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಖಾಲಾ ಮನೆಗೆ ದುಬೈಯಿಂದ ಒಂದು ಟೇಪ್‌ರೆಕಾರ್ಡರ್ ಬಂದಿತ್ತು. ಅದರ ಜೊತೆ ಬಂದ ಕ್ಯಾಸೆಟ್ಟುಗಳಲ್ಲಿ ನಾಜಿಯಾಳದೂ ಒಂದು. ನಮ್ಮ ಮೊಹಲ್ಲಾದ ಎಷ್ಟು ಮದುವೆಗಳಲ್ಲಿ ಅದು ಮೊಳಗಿತೋ ಲೆಕ್ಕವಿಲ್ಲ. ಗಂಡಸರು ಚಹಾ ಕುಡಿಯುತ್ತ ತಾಳ ಹಾಕುತ್ತಿದ್ದರು. ಆ ದನಿಯೂ ಒಬ್ಬ ಮುಸಲ್ಮಾನ ಹುಡುಗಿಯದೇ ಅಲ್ಲವೇ? ಆಗ ಯಾರಿಗೂ ಧರ್ಮ ನೆನಪಾಗಲಿಲ್ಲ. ಅದೇ ಮದುವೆಯಲ್ಲಿ ನನ್ನ ಆಪಾ ಢೋಲಕ್ ಹಿಡಿದು ಸ್ವಲ್ಪ ಗಟ್ಟಿಯಾಗಿ ಹಾಡಿದರೆ ಹೊರಗಿನಿಂದ ಯಾರೋ, "ಆವಾಜ್ ಕಮ್ ಕರೋ, ಮರ್ದಾಂ ಸುನ್‌ತಿಂ" ಎಂದು ಕೂಗುತ್ತಿದ್ದರು. ದನಿ ತಗ್ಗಿಸಿ, ಗಂಡಸರಿಗೆ ಕೇಳುತ್ತದೆ, ಎಂದು. ದೂರದ ಹುಡುಗಿಯ ದನಿ ಮನರಂಜನೆ, ಮನೆಯ ಹುಡುಗಿಯ ದನಿ ಮಾತ್ರ ಪರ್ದಾ. ಇದು ಧರ್ಮವೇ? ಇದು ಗಂಡಸರ ಅನುಕೂಲ.

ಹೆಣ್ಣಿನ ದನಿಯೂ ಪರ್ದಾದೊಳಗಿರಬೇಕೆಂಬ ವಿಚಾರದಲ್ಲಿ ಉಲೆಮಾಗಳಲ್ಲೇ ಒಮ್ಮತವಿಲ್ಲ. ಈದ್ ದಿನ ಹಜ್ರತ್ ಆಯಿಷಾ ಅವರ ಕೋಣೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದುದನ್ನು ಹಜ್ರತ್ ಅಬೂಬಕರ್ ಗದರಿಸಿದಾಗ, ಅವರ ಪಾಡಿಗೆ ಹಾಡಲಿ ಬಿಡಿ ಎಂದು ಪ್ರವಾದಿಯವರೇ ತಡೆದ ಪ್ರಸಂಗ ಮದರಸಾದಲ್ಲಿ ಓದಿದ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ನಮ್ಮ ವಾಅಜ್‌ಗಳಲ್ಲಿ ಅದು ಎಷ್ಟು ಸಲ ಕೇಳಿಬರುತ್ತದೆ? ಗದರಿಕೆ ಮಾತ್ರ ನಮ್ಮವರಿಗೆ ನೆನಪಿದೆ, ತಡೆದದ್ದು ಮರೆತಿದೆ.

ನಮ್ಮದು ಖಾಜಾ ಬಂದೇನವಾಜರ ಊರು. 1422ರಲ್ಲಿ ತೀರಿಕೊಂಡ ಆ ಚಿಷ್ತಿ ಸಂತರ ಹೆಸರಿನಲ್ಲಿ ದಖನಿಯ ಒಂದು 'ಚಕ್ಕಿನಾಮಾ' ಪ್ರಚಲಿತದಲ್ಲಿದೆ. ಚಕ್ಕಿ ಎಂದರೆ ಬೀಸುಕಲ್ಲು. ದಖನ್ನಿನ ಸೂಫಿಗಳು ಬೀಸುವ ಹೆಂಗಸರಿಗಾಗಿ ಚಕ್ಕಿನಾಮಾ, ನೂಲುವ ಹೆಂಗಸರಿಗಾಗಿ ಚರ್ಖಾನಾಮಾ, ತೊಟ್ಟಿಲು ತೂಗುವವರಿಗಾಗಿ ಲೋರಿನಾಮಾ ಕಟ್ಟಿದರು. ಬಿಜಾಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ರಿಚರ್ಡ್ ಈಟನ್ ಈ ಹಾಡುಗಳಿಗೆ ದೊಡ್ಡ ಮಹತ್ವ ಕೊಟ್ಟಿದ್ದಾರೆ. ಈ ನೆಲದ ಬಡವರ ಮನೆಗಳಿಗೆ ದೀನಿನ ಮಾತು ಮುಟ್ಟಿದ್ದು ಬರೀ ಗಂಡಸರ ಗ್ರಂಥಗಳಿಂದಲ್ಲ, ಹಿಟ್ಟು ಬೀಸುವ ಹೆಂಗಸಿನ ಹಾಡಿನಿಂದಲೂ ಎಂಬುದು ಅದರ ಅರ್ಥ. ಬೀಸುವ ಪದ ಹಾಡುತ್ತ ಬಂದ ಕನ್ನಡದ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಿರುವಾಗ ಆ ಹೆಂಗಸರ ಮೊಮ್ಮಕ್ಕಳ ದನಿಯಿಂದ ದೀನಿಗೆ ಧಕ್ಕೆಯಾಗುತ್ತದೆ ಎನ್ನುವುದು ಎಂಥ ಕೃತಘ್ನತೆ!

ಸಿನಿಮಾದವರು ನನ್ನ ಅಣ್ಣನ ಮಗಳಿಂದ ಕೇಳಿದ್ದೂ ಈ ಧಾಟಿಯನ್ನೇ. ದಾದಿಯಿಂದ ಅವಳ ಅಮ್ಮಿಗೆ, ಅಮ್ಮಿಯಿಂದ ಅವಳಿಗೆ ಬಂದದ್ದು. ಪರದೆಯ ಮೇಲೆ ಅದು ಬೆಂಗಳೂರಿನ ನಟಿಯ ಬಾಲ್ಯದ ನೆನಪಾಯಿತು. ಒಂದು ಮುಖದ ಜೊತೆಗೆ ಒಂದು ಮನೆಯ ಮೂರು ತಲೆಮಾರುಗಳೂ ಅಳಿಸಿಹೋದವು.

ದನಿಯೂ ಮುಖವೂ ಒಟ್ಟಿಗೆ ಬಂದರೆ ಏನಾಗುತ್ತದೆ? ಅದನ್ನೂ ನಾವು ನೋಡಿದ್ದೇವೆ. 2017ರ ಮಾರ್ಚಿನಲ್ಲಿ ಸಾಗರದ ಸುಹಾನಾ ಸೈಯದ್ ಕನ್ನಡ ವಾಹಿನಿಯೊಂದರ 'ಸರಿಗಮಪ' ವೇದಿಕೆಯಲ್ಲಿ ಹಿಜಾಬ್ ತೊಟ್ಟು ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದರು. ಮರುದಿನದಿಂದಲೇ ಫೇಸ್‌ಬುಕ್ಕಿನಲ್ಲಿ ನಮ್ಮವರೆನಿಸಿಕೊಂಡವರು ಆ ಹುಡುಗಿಯ ಮೇಲೂ ಅವಳ ತಂದೆತಾಯಿಯ ಮೇಲೂ ಮುಗಿಬಿದ್ದರು. ಅವಳ ಪರವಾಗಿ ನಿಂತ ಮುಸ್ಲಿಮರೂ ಬಹಳ ಜನ ಇದ್ದರು, ಅದನ್ನು ಮರೆಯಬಾರದು. ಆದರೆ ಇನ್ನೊಂದು ಗುಂಪನ್ನೂ ಮರೆಯಬಾರದು. 'ನೋಡಿ, ಎಂಥ ಒಳ್ಳೆಯ ಹುಡುಗಿ, ಉಳಿದವರ ಹಾಗಲ್ಲ' ಎಂದು ಅವಳನ್ನು ಹೊಗಳುತ್ತ ಉಳಿದವರನ್ನೆಲ್ಲ ಹೊಡೆದವರ ಗುಂಪು. ಹಿಜಾಬ್ ತೊಟ್ಟು ಹಾಡಿದಾಗ ಚಪ್ಪಾಳೆ ತಟ್ಟಿದವರಲ್ಲಿ ಎಷ್ಟು ಜನ, 2022ರಲ್ಲಿ ಅದೇ ಹಿಜಾಬ್ ತೊಟ್ಟ ವಿದ್ಯಾರ್ಥಿನಿಯರನ್ನು ಕಾಲೇಜಿನ ಗೇಟಿನ ಹೊರಗೆ ನಿಲ್ಲಿಸಿದಾಗ ಬಾಯಿ ಬಿಟ್ಟರು? ಅವರಿಗೂ ಬೇಕಾಗಿದ್ದು ದನಿ ಮಾತ್ರ. ಮುಖ, ತಲೆಯ ಮೇಲಿನ ಬಟ್ಟೆ, ಮನೆ, ಮೊಹಲ್ಲಾ ಯಾವುದೂ ಬೇಕಿರಲಿಲ್ಲ.

ಹಾಗಾದರೆ ಎಲ್ಲ ಹುಡುಗಿಯರನ್ನೂ ಕ್ಯಾಮೆರಾ ಮುಂದೆ ಎಳೆದು ನಿಲ್ಲಿಸಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ: ಇಲ್ಲ. ಮುಖ ತೋರಿಸಲೇಬೇಕು ಎನ್ನುವುದೂ ತೋರಿಸಲೇಕೂಡದು ಎನ್ನುವಷ್ಟೇ ದೊಡ್ಡ ಯಜಮಾನಿಕೆ. ಹಾಡುವವಳೇ ನನ್ನ ಮುಖ ಬೇಡ ಎಂದರೆ ಅದು ಅವಳ ಪರ್ದಾ. ಅದಕ್ಕೆ ನನ್ನ ಸಲಾಮ್ ಇದೆ. ಅವಳನ್ನು ಕೇಳದೆ ನಾಲ್ಕು ಗಂಡಸರು ಕೂತು ತೀರ್ಮಾನಿಸಿದರೆ ಅದು ಪರ್ದಾ ಅಲ್ಲ, ಕಳವು. ಅಂಥ ಒಂದು ಕಳವಿನಲ್ಲಿ ನಾನೂ ಪಾಲುದಾರ ಎಂದು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮುಖದ ಮಾತು ಬಿಡಿ, ಹೆಸರು? ಹೆಸರಿಗೆ ಯಾವ ಪರ್ದಾ? ನಾನು ಹಟ ಹಿಡಿದು ಆ ಚಿತ್ರವನ್ನು ಕೊನೆಯತನಕ ನೋಡಿದೆ. ಊಟ ಬಡಿಸಿದವರ, ಜನರೇಟರ್ ಒದಗಿಸಿದವರ ಹೆಸರೂ ಇತ್ತು. ಇರಬೇಕಾದದ್ದೇ. ನಮ್ಮ ಹುಡುಗಿಯ ಹೆಸರಿರಲಿಲ್ಲ. ಇದು ಬರೀ ಮನಸ್ಸಿನ ನೋವಿನ ವಿಷಯವಲ್ಲ, ಹಕ್ಕಿನ ವಿಷಯ. 2012ರಲ್ಲಿ ತಿದ್ದುಪಡಿಯಾದ ಕಾಪಿರೈಟ್ ಕಾಯ್ದೆ, ಹಾಡಿದವರಿಗೆ ಆ ಹಾಡಿನ ವಾಣಿಜ್ಯ ಬಳಕೆಯಲ್ಲಿ ರಾಯಲ್ಟಿಯ ಹಕ್ಕನ್ನು ಕೊಟ್ಟಿದೆ. ಹಾಡಿದವರು ತಾವೇ ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಆದರೆ ಅದೇ ಕಾಯ್ದೆಯಲ್ಲಿ ಒಂದು ಸಣ್ಣ ಕಿಂಡಿಯಿದೆ. ಸಿನಿಮಾದಲ್ಲಿ ಯಾರ ಕೆಲಸ ಪ್ರಾಸಂಗಿಕವಾದದ್ದೋ, ಉದ್ಯಮದ ರೂಢಿಯಂತೆ ಯಾರ ಹೆಸರು ಎಲ್ಲಿಯೂ ಬರುವುದಿಲ್ಲವೋ ಅಂಥವರನ್ನು ಕಲಾವಿದರೆಂದು ಲೆಕ್ಕಿಸಬೇಕಾಗಿಲ್ಲ. ತನ್ನ ಕೆಲಸವನ್ನು ವಿರೂಪಗೊಳಿಸಬಾರದೆನ್ನುವ ಹಕ್ಕೊಂದು ಮಾತ್ರ ಅವರಿಗೆ ಉಳಿಯುತ್ತದೆ. ಹೆಸರು ಹಾಕದಿರುವುದರಲ್ಲಿ ಎಷ್ಟು ಲಾಭವಿದೆ ಎಂಬುದು ಈಗ ತಿಳಿಯಿತೇ? 'ಹೆಸರು ಬೇಡ, ಇಜ್ಜತ್ತು ಮುಖ್ಯ' ಎಂದು ನಾವೇ ಹೇಳಿದರೆ ನಿರ್ಮಾಪಕರ ಖರ್ಚನ್ನು ನಾವೇ ಉಳಿಸಿಕೊಟ್ಟಂತಾಯಿತು.

ಇನ್ನು ಮುಂದೆ ಈ ಆಟ ಮತ್ತಷ್ಟು ಸುಲಭವಾಗಲಿದೆ. 2024ರಲ್ಲಿ ಬಂದ 'ಲಾಲ್ ಸಲಾಂ' ಎಂಬ ತಮಿಳು ಚಿತ್ರದಲ್ಲಿ ತೀರಿಕೊಂಡ ಇಬ್ಬರು ಗಾಯಕರಾದ ಬಂಬಾ ಬಾಕ್ಯಾ ಮತ್ತು ಶಾಹುಲ್ ಹಮೀದ್ ಅವರ ದನಿಗಳನ್ನು ಎ. ಆರ್. ರೆಹಮಾನ್ ಯಂತ್ರದ ಬುದ್ಧಿಯಿಂದ ಮತ್ತೆ ಹಾಡಿಸಿದರು. ಕುಟುಂಬದವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮಾಡಿದ್ದೇವೆಂದು ಅವರು ಬಹಿರಂಗವಾಗಿ ಹೇಳಿದರು, ಇಬ್ಬರ ಹೆಸರನ್ನೂ ಹೇಳಿದರು. ದೊಡ್ಡವರು ಅಷ್ಟಾದರೂ ಮಾಡುತ್ತಾರೆ. ಕಮಲಾಪುರದ ಹುಡುಗಿಯ ಐದು ನಿಮಿಷದ ಮೊಬೈಲ್ ಹಾಡು ಇನ್ನಾರದೋ ಕಂಪ್ಯೂಟರಿನಲ್ಲಿ ಹೊಸ ಹಾಡಾಗಿ ಹುಟ್ಟಿದರೆ ಯಾರು ಯಾರ ಒಪ್ಪಿಗೆ ಕೇಳುತ್ತಾರೆ? ಇಂದು ಮುಖ ಬೇಡ ಎನ್ನುವವರು ನಾಳೆ ಗಂಟಲೂ ಬೇಡ ಎನ್ನುತ್ತಾರೆ.

ಆದ್ದರಿಂದ ಸಿನಿಮಾ ಮಾಡುವವರಿಗೆ ನನ್ನ ಮಾತು ಇಷ್ಟೆ: ನಮ್ಮ ಕಡೆಯ ದನಿ ಬೇಕಾದರೆ ಬನ್ನಿ, ಬೇಡವೆನ್ನುವುದಿಲ್ಲ. ಆದರೆ ಹಾಡುವವಳನ್ನೇ ಎದುರಿಗೆ ಕೂರಿಸಿಕೊಂಡು ಕೇಳಿ. ತೆರೆಯ ಮೇಲೆ ಬರುವೆಯಾ ಎಂದು ಒಂದು ಸಲವಾದರೂ ಕೇಳಿ. ಬಾರದಿದ್ದರೆ ಹೆಸರು ಹಾಕಿ, ಕಾಗದದ ಮೇಲೆ ಬರೆದು ಕೊಡಿ. ಗಾಯಕಿಯ ದೃಶ್ಯಕ್ಕೆ ಗಾಯಕಿಯೇ ಸಿಕ್ಕಿರುವಾಗ ತುಟಿ ಆಡಿಸುವವರನ್ನು ಬೆಂಗಳೂರಿನಿಂದ ಏಕೆ ತರುತ್ತೀರಿ? ನಮ್ಮ ಹಿರಿಯರಿಗೂ ಒಂದು ಮಾತು: ನಿಮ್ಮ ಮದುವೆ ಮನೆಯ ಡಿಜೆಯಲ್ಲಿ ಮೊಳಗುವ ಹೆಣ್ಣು ದನಿಗಳನ್ನೆಲ್ಲ ಮೊದಲು ನಿಲ್ಲಿಸಿ, ಆಮೇಲೆ ಮನೆಮಗಳಿಗೆ ದನಿ ತಗ್ಗಿಸಲು ಹೇಳಿ. ಅದು ಆಗದಿದ್ದರೆ ಇದನ್ನೂ ಬಿಡಿ.

ಆ ಹುಡುಗಿ ಈಗ ಒಂದು ಶಾಲೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುತ್ತಾಳೆ. ಹೋದ ವರ್ಷ ಮನೆಯಲ್ಲಿ ಒಂದು ಮದುವೆಯಿತ್ತು. ರಾತ್ರಿ ಹೆಂಗಸರು ಢೋಲಕ್ ಹಿಡಿದು ಕೂತರು. ಇವಳು ಹಾಡಲು ಶುರು ಮಾಡುತ್ತಲೇ ನಾಲ್ಕೈದು ಮೊಬೈಲುಗಳು ಮೇಲೆದ್ದವು. ಹಾಡು ನಿಂತಿತು. "ಮೊದಲು ಫೋನ್ ಕೆಳಗಿಡ್ರಿ" ಎಂದಳು. ಎಲ್ಲರೂ ಇಟ್ಟರು. ಆಮೇಲೆ ಹಾಡಿದಳು, ಗಟ್ಟಿಯಾಗಿ ಹಾಡಿದಳು.

ಹೊರಗಿನ ಪೆಂಡಾಲಿನಲ್ಲಿ ಗಂಡಸರ ನಡುವೆ ನಾನೂ ಕೂತಿದ್ದೆ. ನಮ್ಮ ಹಿರಿಯರು ಅದೇ ಹಳೆಯ ಮಾತು ಹೇಳಲು ಬಾಯಿ ತೆರೆದರು. ಯಾರದು ಈ ದನಿ ಎಂದು ಬೀಗರ ಕಡೆಯವರೊಬ್ಬರು ಕೇಳಿದರು. "ನಮ್ಮ ಹುಡುಗಿದು" ಎಂದು ಹೇಳಿ ಅವಳ ಹೆಸರನ್ನೂ ಹೇಳಿದೆ.